ಹಲಸಿನ ಚೇಳೂರು: ಊರಿನ ಹೆಸರು ಕಾಯ್ದ ಮರ

ತುಮಕೂರು ಜಿಲ್ಲೆಯ ಚೇಳೂರು ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲೊಂದು. ಗುಬ್ಬಿ ಪಟ್ಟಣದಿಂದ ಉತ್ತರಕ್ಕಿರುವ ಈ ಊರಿಗೂ ಚಿಕ್ಕಬಳ್ಳಾಪುರ ಜಿಲ್ಲೆಯ ಚೇಳೂರಿಗೂ ಹೆಸರಿನಲ್ಲಿ ಮಾತ್ರ ಸಾಮ್ಯ. ಗಗನಚುಂಬಿ ಗೋಪುರವಾಗಲಿ, ಹೆಸರಾಂತ ಕೋಟೆಯಾಗಲಿ ಇಲ್ಲದ ಈ ಊರನ್ನು ನಾಡಿಗೆ ಪರಿಚಯಿಸಿದ್ದು ಹಲಸು.

ಬದುವಿನ ಬೆಳೆ

ತೆಂಗು, ಅಡಿಕೆ ಮತ್ತು ರಾಗಿ ಈ ಸೀಮೆಯ ಮುಖ್ಯ ಬೆಳೆಗಳು. ಹಲಸು ತೋಟದ ಅಂಚಿನಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಮರ. ನೀರು, ಗೊಬ್ಬರಗಳ ಆರೈಕೆ ಕೇಳದೆ, ಮಳೆ ಕೈಕೊಟ್ಟ ವರ್ಷವೂ ಮನೆಗೆ ಒಂದಿಷ್ಟು ಹಣ ತರುವುದು ಇದರ ಗುಣ. ಬೇಸಿಗೆಯಿಂದ ಮುಂಗಾರಿನ ಮೊದಲ ದಿನಗಳವರೆಗೆ ಚೇಳೂರಿನ ಮಾರುಕಟ್ಟೆಯಲ್ಲಿ ಹಣ್ಣಿನ ರಾಶಿಗಳು ಏಳುತ್ತವೆ. ಹೊರ ರಾಜ್ಯಗಳ ವರ್ತಕರೂ ಇಲ್ಲಿಂದ ಲಾರಿಗಳಲ್ಲಿ ಹಲಸು ಒಯ್ಯುತ್ತಾರೆ.

ಹಲಸು ಊಟದ ಭಾಗವೂ ಹೌದು. ಎಳೆಗಾಯಿ ಪಲ್ಯವಾದರೆ, ಬೀಜ ಸಾರಾಗಿ ರಾಗಿ ಮುದ್ದೆಗೆ ಜೊತೆಯಾಗುತ್ತದೆ. 'ಹಸಿದು ಹಲಸು, ಉಂಡು ಮಾವು' ಎಂಬ ಗಾದೆ ಈ ಭಾಗದ ಮನೆಮಾತು.

'ಸಿದ್ದು' ತಳಿಯ ಕಥೆ

ಬೀಜದಿಂದ ಹುಟ್ಟಿದ ಹಲಸಿನ ಮರಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಪರಕೀಯ ಪರಾಗಸ್ಪರ್ಶದ ಕಾರಣ ರುಚಿ, ಬಣ್ಣ, ಗಾತ್ರ ಎಲ್ಲವೂ ಮರದಿಂದ ಮರಕ್ಕೆ ಬದಲಾಗುತ್ತವೆ. ಆದರೆ ಮಾರುಕಟ್ಟೆಯ ರಾಶಿಯಲ್ಲಿ ಉತ್ತಮ ಹಣ್ಣು, ಸಾಧಾರಣ ಹಣ್ಣು ಒಂದಾಗಿ ಬೆರೆತುಹೋಗುತ್ತವೆ. ಹೀಗಾಗಿ ಒಳ್ಳೆಯ ಮರದ ಗುಣ ಅದರ ಒಡೆಯನಿಗೆ ಮತ್ತು ನೆಂಟರಿಷ್ಟರಿಗೆ ಮಾತ್ರ ತಿಳಿದಿರುತ್ತದೆ.

ಚೇಳೂರಿನ ರೈತ ಎಸ್.ಕೆ. ಸಿದ್ದಪ್ಪ ಅವರ ಕುಟುಂಬದ ಜಮೀನಿನಲ್ಲಿದ್ದ ಮರ ಅಂಥದ್ದೊಂದು. ತಾಮ್ರಗೆಂಪು ಬಣ್ಣದ ಸಿಹಿ ತೊಳೆ, ಸರಾಸರಿ ಎರಡೂವರೆ ಕಿಲೋ ತೂಗುವ ಪುಟ್ಟ ಹಣ್ಣು ಅದರ ವೈಶಿಷ್ಟ್ಯ. ಚಿಕ್ಕ ಸಂಸಾರವೊಂದು ಒಂದೇ ಸಲಕ್ಕೆ ಮುಗಿಸಬಹುದಾದ ಈ ಗಾತ್ರ ನಗರದ ಗ್ರಾಹಕರಿಗೆ ಒಪ್ಪುವಂಥದು. ತೊಳೆಯ ಕೆಂಪಿಗೆ ಸಂಬಂಧಿಸಿದ ಲೈಕೋಪಿನ್ ಅಂಶವೂ ಇದರಲ್ಲಿ ಹೇರಳ.

ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದ ವಿಜ್ಞಾನಿಗಳು ಈ ಮರವನ್ನು ಗುರುತಿಸಿ, ಸಿದ್ದಪ್ಪ ಅವರ ಹೆಸರಿನಲ್ಲಿಯೇ ತಳಿಗೆ 'ಸಿದ್ದು' ಎಂದು ಹೆಸರಿಟ್ಟರು. 2017ರಲ್ಲಿ ಸಂಸ್ಥೆ ಕುಟುಂಬದೊಂದಿಗೆ ಒಪ್ಪಂದ ಮಾಡಿಕೊಂಡಿತು. ಕಸಿ ಸಸಿಗಳ ಮಾರಾಟದಿಂದ ಬರುವ ಆದಾಯದಲ್ಲಿ ಶೇ. 75ರಷ್ಟು ರೈತನಿಗೆ ಸಲ್ಲುವುದು ಇದರ ಮುಖ್ಯಾಂಶ. ಮರದ ಒಡೆಯನನ್ನು ತಳಿಯ ಪಾಲಕನೆಂದು ಮನ್ನಿಸಿದ ಈ ಕ್ರಮ ದೇಶದ ಗಮನ ಸೆಳೆಯಿತು.

ಉಳಿವಿನ ಪ್ರಶ್ನೆ

ಹಲಸಿನ ಮರಮುಟ್ಟಿಗೆ ಬೆಲೆ ಹೆಚ್ಚು. ಬಾಗಿಲು, ಕಿಟಕಿಗಳಿಗಷ್ಟೇ ಅಲ್ಲದೆ ವೀಣೆ, ಮೃದಂಗಗಳ ತಯಾರಿಕೆಗೂ ಇದು ಬೇಕು. ಹಣ್ಣಿಗೆ ದರ ಸಿಗದಾಗ ಕೊಡಲಿಯ ದಾರಿ ಸುಲಭ. ಮರವೊಂದು ಉರುಳಿದರೆ, ಕಸಿಯಾಗಿ ಉಳಿಯದ ಅದರ ರುಚಿ ಮತ್ತೆ ಬಾರದು. ಇನ್ನೊಂದು ಅಪಾಯವೂ ಉಂಟು. ಹೆಸರು ಪಡೆದ ಒಂದೆರಡು ತಳಿಗಳನ್ನೇ ಎಲ್ಲರೂ ನೆಟ್ಟರೆ, ಬದುವಿನ ವೈವಿಧ್ಯ ತೋಟದ ಏಕರೂಪತೆಗೆ ಜಾಗ ಬಿಟ್ಟುಕೊಡಬೇಕಾಗುತ್ತದೆ. 'ಸಿದ್ದು'ವಿನ ಯಶಸ್ಸಿನ ನಿಜವಾದ ಫಲ, ಹೆಸರಿಲ್ಲದ ಉಳಿದ ಮರಗಳನ್ನೂ ಗುರುತಿಸಿ ಕಾಪಾಡುವುದರಲ್ಲಿದೆ.

ನೋಡಬೇಕಾದವು

ಪ್ರವಾಸಿಗರು ಹಲಸಿನ ಕಾಲದಲ್ಲಿ ಬಂದರೆ ಮಾರುಕಟ್ಟೆಯ ಸಡಗರ ಕಾಣಬಹುದು. ನೆರೆಯ ಹಾಗಲವಾಡಿ ಪಾಳೆಯಗಾರರ ನೆಲೆಯಾಗಿದ್ದ ಊರು. ನಿಟ್ಟೂರಿನಲ್ಲಿ ಹೊಯ್ಸಳ ಕಾಲದ ಶಾಂತಿನಾಥ ಬಸದಿಯಿದೆ. ಗುಬ್ಬಿಯಲ್ಲಿ ಚನ್ನಬಸವೇಶ್ವರ ದೇವಾಲಯವಿದೆ. 1884ರಲ್ಲಿ ಆರಂಭವಾಗಿ, ಮುಂದೆ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಕನ್ನಡ ವೃತ್ತಿ ರಂಗಭೂಮಿಯ ದಿಕ್ಕು ಬದಲಿಸಿದ ನಾಟಕ ಕಂಪನಿ ಹುಟ್ಟಿದ್ದೂ ಅಲ್ಲಿಯೇ.

ತಲುಪುವುದು ಹೇಗೆ?

ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿ ಗುಬ್ಬಿ ಮತ್ತು ನಿಟ್ಟೂರು ನಿಲ್ದಾಣಗಳಿವೆ. ತುಮಕೂರಿನಿಂದ ಗುಬ್ಬಿಗೆ ಬಂದು, ಅಲ್ಲಿಂದ ರಸ್ತೆಯ ಮೂಲಕ ಚೇಳೂರು ತಲುಪಬಹುದು. ಬೆಳಿಗ್ಗೆ ಹೊರಟರೆ ಒಂದೇ ದಿನದಲ್ಲಿ ಬಸದಿ, ದೇವಾಲಯ ಮತ್ತು ಹಲಸಿನ ಮಾರುಕಟ್ಟೆ ಮೂರನ್ನೂ ನೋಡಿ ಮರಳಲು ಅಡ್ಡಿಯಿಲ್ಲ.