ಕೆಮ್ಮಿನ ಔಷಧಿಯ ಬಾಟಲಿ ಮತ್ತು ತುಮಕೂರಿನ ಲೆಕ್ಕ

ಉಪಾಧ್ಯಾಯರಾಗಿದ್ದವರಿಗೆ ಪಾಠ ಹೇಳುವಷ್ಟೇ ಪರಿಚಿತವಾದ ಮತ್ತೊಂದು ಕೆಲಸವೆಂದರೆ ಮನೆಮನೆಯ ಎಣಿಕೆ. ೧೯೮೧ರ ಜನಗಣತಿಯ ಸಮಯದಲ್ಲಿ ನಾನು ಹೆಗಲಿಗೆ ಚೀಲ ಹಾಕಿಕೊಂಡು ಹಳ್ಳಿ ಸುತ್ತುತ್ತಿದ್ದುದನ್ನು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಕಂಡಿರುತ್ತೀರಿ. ಜಗಲಿಯ ಮೇಲೆ ಕುಳಿತು, ಕೊಟ್ಟ ನೀರು ಬೆಲ್ಲ ತೆಗೆದುಕೊಂಡು, ಪ್ರಶ್ನೆ ಕೇಳುತ್ತ ಹೋದಂತೆ ನನಗೊಂದು ವಿಷಯ ಮನವರಿಕೆಯಾಯಿತು. ಜನರ ಬಗ್ಗೆ ನಾವು ಊಹಿಸಿಕೊಂಡಿರುವುದು ಒಂದು, ಅವರನ್ನೇ ಕೇಳಿದಾಗ ತಿಳಿಯುವುದು ಮತ್ತೊಂದು. ಈ ಅಂತರವನ್ನು ಲೆಕ್ಕ ಹಾಕಿ ತೋರಿಸಿದ ಒಂದು ಸಮೀಕ್ಷೆ ನಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದಿತ್ತು. ಅದರ ಕಥೆಯನ್ನು ಇಂದು ಬರೆಯುತ್ತಿದ್ದೇನೆ. ಬರೆಯಲು ನನಗೆ ಸ್ವಂತದ್ದೊಂದು ಕಾರಣವೂ ಇದೆ.

ಐವತ್ತರ ದಶಕದ ಕೊನೆಯಲ್ಲಿ ನಮ್ಮ ದೊಡ್ಡಪ್ಪನವರಿಗೆ ಕೆಮ್ಮು ಹಿಡಿಯಿತು. ನಾನಾಗ ಮಾಧ್ಯಮಿಕ ಶಾಲೆಯ ಹುಡುಗ. ಅವರು ಮೂರು ಮೈಲಿ ನಡೆದು ಆಸ್ಪತ್ರೆಗೆ ಹೋಗುತ್ತಿದ್ದರು. ಮನೆಯಿಂದ ಒಯ್ದ ಖಾಲಿ ಬಾಟಲಿಗೆ ಅಲ್ಲಿಯ ಕಾಂಪೌಂಡರು ಕೆಂಪು ಔಷಧಿ ತುಂಬಿ, ಒಂದೊಂದು ಹೊತ್ತಿನ ಅಳತೆ ತಿಳಿಯಲೆಂದು ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದರು. ರಜೆಯ ದಿನಗಳಲ್ಲಿ ಆ ಬಾಟಲಿಯನ್ನು ಹಿಡಿದು ನಾನೂ ಜೊತೆಗೆ ಹೋದದ್ದುಂಟು. ಕಫ ಪರೀಕ್ಷೆ ಮಾಡಿಸಬೇಕೆಂದು ಅಲ್ಲಿ ಯಾರೂ ಹೇಳಿದ ನೆನಪು ನನಗಿಲ್ಲ. ಎರಡನೆಯ ಬೇಸಿಗೆಯ ಹೊತ್ತಿಗೆ ದೊಡ್ಡಪ್ಪ ತೀರಿಕೊಂಡರು. ಓದಿದ ನೆಂಟರೊಬ್ಬರು, "ಹಳ್ಳಿಯವರಿಗೆ ಆಸ್ಪತ್ರೆ ಎಂದರೆ ತಾತ್ಸಾರ, ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಸಾಯುತ್ತಾರೆ" ಎಂದರು. ಬಾಟಲಿ ಹಿಡಿದು ನಡೆದಿದ್ದ ನಾನೂ ಆ ಮಾತನ್ನು ಬಹುಕಾಲ ನಂಬಿದ್ದೆ.

ಆ ದಿನಗಳಲ್ಲಿ ಕ್ಷಯದ ಬಗ್ಗೆ ತಜ್ಞರ ನಡುವೆಯೂ ಇಂಥ ನಂಬಿಕೆಗಳೇ ಇದ್ದವು. ಕ್ಷಯವು ಇಕ್ಕಟ್ಟಾದ ನಗರಗಳ ರೋಗ, ಹಳ್ಳಿಗಳಲ್ಲಿ ಅದು ವಿರಳ ಎಂಬುದು ಮೊದಲನೆಯದು. ಇದನ್ನು ಪರೀಕ್ಷಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೧೯೫೫ರಿಂದ ೧೯೫೮ರವರೆಗೆ ದೇಶದ ಆರು ವಲಯಗಳಲ್ಲಿ ಮಾದರಿ ಸಮೀಕ್ಷೆ ನಡೆಸಿತು. ಮಾದರಿ ಎಂದರೇನೆಂದು ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆ ಹೇಳಿಕೊಡಬೇಕಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು, ಪಾತ್ರೆಯನ್ನೆಲ್ಲ ಬರಿದುಮಾಡಬೇಕಾಗಿಲ್ಲ. ಆದರೆ ಯಾವ ಹಳ್ಳಿಯನ್ನು ನೋಡಬೇಕೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ಆರಿಸಬೇಕು. ರಸ್ತೆ ಪಕ್ಕದ ಊರನ್ನೇ ನೋಡಿ ಬಂದರೆ ಲೆಕ್ಕ ಸುಳ್ಳಾಗುತ್ತದೆ. ಹೀಗೆ ಆರಿಸಿದ ಊರುಗಳ ಜನರಿಗೆ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿದಾಗ, ಕ್ಷಯವು ಹಳ್ಳಿಗಳಲ್ಲಿಯೂ ಹೆಚ್ಚುಕಡಿಮೆ ನಗರಗಳಲ್ಲಿದ್ದಷ್ಟೇ ಇದೆ ಎಂದು ಗೊತ್ತಾಯಿತು. ದೇಶದ ಬಹುಪಾಲು ಜನ ಹಳ್ಳಿಯಲ್ಲಿದ್ದುದರಿಂದ ರೋಗಿಗಳಲ್ಲಿಯೂ ಬಹುಪಾಲು ಅಲ್ಲೇ ಇದ್ದರು.

ಹಾಗಾದರೆ ಅವರನ್ನು ಹುಡುಕುವುದು ಹೇಗೆ? ಇಲ್ಲಿ ಎರಡನೆಯ ನಂಬಿಕೆ ಅಡ್ಡ ಬಂದಿತು. ಹಳ್ಳಿಗರಿಗೆ ತಮ್ಮ ರೋಗದ ಅರಿವಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ಯಂತ್ರವನ್ನು ವಾಹನದಲ್ಲಿ ಹೊತ್ತು ಊರೂರು ತಿರುಗಬೇಕು ಎಂಬುದು ಅನೇಕರ ವಾದ. ಅಷ್ಟು ಯಂತ್ರಗಳೂ ಹಣವೂ ಬಡ ದೇಶಕ್ಕೆ ಎಲ್ಲಿಂದ ಬರಬೇಕು?

ಬೆಂಗಳೂರಿನಲ್ಲಿ ೧೯೫೯ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿತ್ತು. ಅಲ್ಲಿದ್ದ ಡಾ. ದೇವಬರ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಡೆನ್ಮಾರ್ಕಿನ ತಜ್ಞ ಸ್ಟಿಗ್ ಆಂಡರ್ಸನ್ ಈ ನಂಬಿಕೆಯನ್ನೇ ಪ್ರಶ್ನೆಯಾಗಿ ಎತ್ತಿಕೊಂಡರು. ತುಮಕೂರು ಜಿಲ್ಲೆಯಲ್ಲಿ ಎಕ್ಸ್‌ರೇ ಸಮೀಕ್ಷೆ ನಡೆದಿದ್ದ ಊರುಗಳಿಗೆ ಸಂದರ್ಶಕರು ಹೋದರು. ಎದೆಯ ಚಿತ್ರದಲ್ಲಿ ದೋಷ ಕಂಡವರನ್ನು ಮನೆಯಲ್ಲೇ ಮಾತನಾಡಿಸಿದರು. ಮೈಗೆ ಹೇಗಿದೆ, ಕೆಮ್ಮಿದೆಯೇ, ಅದರಿಂದ ಚಿಂತೆಯಾಗಿದೆಯೇ, ಏನು ಮಾಡಿದಿರಿ, ಎಲ್ಲಿಗೆ ಹೋದಿರಿ ಎಂದು ವಿಚಾರಿಸಿದರು.

ಅವರು ಮಾಡಿದ ಇನ್ನೊಂದು ಕೆಲಸವನ್ನು ಲೆಕ್ಕದ ಮೇಷ್ಟರಾಗಿ ನಾನು ಬಹಳ ಮೆಚ್ಚುತ್ತೇನೆ. ಪ್ರತಿಯೊಬ್ಬ ರೋಗಿಗೆ ಜೋಡಿಯಾಗಿ ಅದೇ ಊರಿನ, ಅದೇ ಲಿಂಗದ, ಸಮಾನ ವಯಸ್ಸಿನ, ಎದೆಯ ಚಿತ್ರ ಸರಿಯಿದ್ದ ಒಬ್ಬರನ್ನೂ ಆರಿಸಿ ಅವರಿಗೂ ಪ್ರಶ್ನೆ ಹಾಕಿದರು. ಯಾಕೆಂದರೆ ಕೆಮ್ಮು ಯಾರಿಗೂ ಬರಬಹುದು, ಒಲೆಯ ಹೊಗೆಗೂ ಬೀಡಿಗೂ ಬರಬಹುದು. ಆರೋಗ್ಯವಂತರ ಲೆಕ್ಕ ಪಕ್ಕದಲ್ಲಿ ಇಲ್ಲದೆ ರೋಗಿಗಳ ಲೆಕ್ಕಕ್ಕೆ ಅರ್ಥವಿಲ್ಲ.

ಉತ್ತರ ಊಹೆಗೆ ತಲೆಕೆಳಗಾಗಿತ್ತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮ್ಮ ರೋಗಲಕ್ಷಣಗಳ ಅರಿವಿತ್ತು. ಮುಕ್ಕಾಲು ಪಾಲಿನಷ್ಟು ಮಂದಿ ಅದಕ್ಕಾಗಿ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಗಳ ಬಾಗಿಲು ತಟ್ಟಿ ಬಂದಿದ್ದರು. ಅಲ್ಲಿ ಅವರ ರೋಗವನ್ನು ಗುರುತಿಸುವ ಏರ್ಪಾಡು ಇರಲಿಲ್ಲ, ಬಹಳ ಮಂದಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ ಮಾತ್ರ.

ಈ ಬಾಟಲಿಯ ಬೆಲೆ ಎಷ್ಟೆಂಬುದನ್ನು ಅದೇ ಸಂಸ್ಥೆಯ ಇನ್ನೊಂದು ಸಮೀಕ್ಷೆ ಹೇಳುತ್ತದೆ. ೧೯೬೧ರಿಂದ ೧೯೬೮ರವರೆಗೆ ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದಾಗ, ಕಫದಲ್ಲಿ ರೋಗಾಣು ಕಂಡವರಲ್ಲಿ ಅರ್ಧದಷ್ಟು ಜನ ಐದು ವರ್ಷಗಳೊಳಗೆ ಸತ್ತಿದ್ದರು.

ತುಮಕೂರಿನ ಫಲಿತಾಂಶ ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ ಮುಂಚೆಯೇ, ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ಈ ತಿಳಿವಳಿಕೆಯನ್ನು ಆಧಾರವಾಗಿ ಇಟ್ಟುಕೊಂಡಿತ್ತು. ರೋಗಿ ತಾನಾಗಿ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಕೆಮ್ಮಿನವರ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಮಾತ್ರೆ ಕೊಟ್ಟು ಮನೆಯಲ್ಲೇ ಚಿಕಿತ್ಸೆ ನಡೆಸಬೇಕು ಎಂಬುದು ಅದರ ತಿರುಳು. ಮನೆಯ ಚಿಕಿತ್ಸೆ ಆರೋಗ್ಯಧಾಮದ ಚಿಕಿತ್ಸೆಗೆ ಕಡಿಮೆಯಲ್ಲವೆಂದು ಮದರಾಸಿನ ಪ್ರಯೋಗವು ೧೯೫೯ರಲ್ಲೇ ತೋರಿಸಿತ್ತು. ಕಾರ್ಯಕ್ರಮವು ಆಚರಣೆಯಲ್ಲಿ ಅಂದುಕೊಂಡಂತೆ ಸಾಗಲಿಲ್ಲ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರು ಬಹಳ. ೧೯೯೭ರಲ್ಲಿ ಅದನ್ನು ಪರಿಷ್ಕರಿಸಿ ಹೊಸದಾಗಿ ಜಾರಿಗೆ ತಂದರು. ಆದರೂ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಇಂದು ಗೋಡೆಗಳ ಮೇಲೆ ಓದುವಾಗ ನನಗೆ ತುಮಕೂರಿನ ಆ ಜಗಲಿಗಳು ನೆನಪಾಗುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಂದಿನ ಉತ್ತರವನ್ನು ಇಂದಿಗೆ ಹಾಗೆಯೇ ಹಚ್ಚುವಂತಿಲ್ಲ. ೨೦೧೯-೨೧ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ರೋಗಲಕ್ಷಣವಿದ್ದವರಲ್ಲಿ ಶೇಕಡಾ ೬೪ರಷ್ಟು ಜನ ಚಿಕಿತ್ಸೆಗೆ ಹೋಗಿರಲಿಲ್ಲ. ಎಕ್ಸ್‌ರೇ ತೆಗೆಯದೆ ಲಕ್ಷಣಗಳನ್ನಷ್ಟೇ ನೋಡಿದ್ದರೆ ಶೇಕಡಾ ೪೨ಕ್ಕೂ ಹೆಚ್ಚು ಕ್ಷಯರೋಗಿಗಳು ಕಣ್ತಪ್ಪಿಹೋಗುತ್ತಿದ್ದರು. ಊರೂರಿಗೆ ಎಕ್ಸ್‌ರೇ ಒಯ್ಯಬೇಕೆಂದು ಅಂದು ವಾದಿಸಿದವರ ಮಾತಿಗೆ ಈಗ ಬಲ ಬಂದಿದೆ. ಆದ್ದರಿಂದ ಕಾಲಕಾಲಕ್ಕೆ ಮತ್ತೆ ಹೋಗಿ ಕೇಳಬೇಕು.

ನಮ್ಮ ದೊಡ್ಡಪ್ಪನವರದು ಕ್ಷಯವೇ ಆಗಿತ್ತೇ ಎಂದು ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ, ಪರೀಕ್ಷೆಯೇ ನಡೆಯಲಿಲ್ಲವಲ್ಲ. ಆದರೆ ಅವರು ಕಾಯಿಲೆಯನ್ನು ಮುಚ್ಚಿಟ್ಟುಕೊಂಡವರಲ್ಲ, ಆಸ್ಪತ್ರೆಗೆ ಹೋಗಲು ಅಸಡ್ಡೆ ಮಾಡಿದವರೂ ಅಲ್ಲ. ನಮ್ಮ ಮನೆತನದ ಕಿರಿಯರು ಈ ಬರಹವನ್ನು ಓದುವುದಾದರೆ, ಇಷ್ಟನ್ನು ಅವರ ಹೆಸರಿನ ಜೊತೆ ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.