ಮದೀನಾದಲ್ಲಿ ನಿಂತ ರೈಲು

ಈಗ ಫೋನಿನಲ್ಲೇ ಚಂದಾ ಎತ್ತುವ ಕಾಲ. ಮದ್ರಸದ ಒಂದು ಕೋಣೆಗೆಂದು ಕೇಳುತ್ತೇವೆ. ಅಲ್ಲಾಹನ ಕೃಪೆಯಿಂದ ಕೆಲವೇ ದಿನಗಳಲ್ಲಿ ಹಣ ಸೇರುತ್ತದೆ. ಆಗ ಜುಮಾ ಮುಗಿಸಿ ಹೊರಡುವಾಗ ಯಾರಾದರೊಬ್ಬರು, "ಮೌಲಾನಾ, ಮಂದಿ ಕೊಡಾಕತ್ತಾರ, ಇನ್ನೆರಡು ಖೋಲಿನೂ ಸೇರಿಸಿಬಿಡ್ರಿ" ಎನ್ನುತ್ತಾರೆ. ಮಾತು ಸದುದ್ದೇಶದ್ದೇ. ಆದರೆ ಗುರಿಯ ಮೇಲೆ ಗುರಿ ಇಡುವುದರಲ್ಲಿ ಏನೇನು ಅಡಗಿದೆ ಎಂಬುದಕ್ಕೆ ನಮ್ಮ ಇತಿಹಾಸದಲ್ಲೇ ದೊಡ್ಡದೊಂದು ಉದಾಹರಣೆ ಇದೆ.

1900ರಲ್ಲಿ ಉಸ್ಮಾನಿ ಸುಲ್ತಾನ್ ಎರಡನೇ ಅಬ್ದುಲ್ ಹಮೀದ್ ಹಿಜಾಝ್ ರೈಲುಮಾರ್ಗವನ್ನು ಘೋಷಿಸಿದರು. ದಮಾಸ್ಕಸ್‌ನಿಂದ ಮದೀನಾಕ್ಕೆ ಒಂಟೆಯ ಮೇಲೆ ಸುಮಾರು 40 ದಿನದ ಹಾದಿ. ಹಾಜಿಗಳ ಈ ಕಷ್ಟ ತಪ್ಪಿಸಲು ಮದೀನಾದವರೆಗೆ, ಅಲ್ಲಿಂದ ಮಕ್ಕಾದವರೆಗೆ ಹಳಿ ಹಾಕುವ ಯೋಜನೆ ಅದು. ಯುರೋಪಿನ ಸಾಲ ಬೇಡ, ಮುಸ್ಲಿಮರ ದಾನದಿಂದಲೇ ಆಗಲಿ ಎಂದು ಕರೆ ಕೊಟ್ಟರು. ಭಾರತದ ಮುಸ್ಲಿಮರೂ ಹಣ ಕಳಿಸಿದರು. ದಾನಿಗಳಿಗೆ ಪದಕಗಳನ್ನೂ ಕೊಟ್ಟರು.

ಕೆಲಸ ನಡೆಯುತ್ತಿದ್ದಾಗಲೇ ಹೊಸ ಗುರಿಯೊಂದು ಸೇರಿತು. ಸಾಮಾನು ತರಲು ಸಮುದ್ರದ ದಾರಿ ಬೇಕಿತ್ತು. ಬೈರೂತ್‌ನಿಂದ ದಮಾಸ್ಕಸ್‌ಗೆ ಬರುವ ಮಾರ್ಗ ಫ್ರೆಂಚ್ ಕಂಪನಿಯ ಕೈಯಲ್ಲಿತ್ತು, ಬಾಡಿಗೆಯೂ ದುಬಾರಿ. ಹಾಗಾಗಿ ಹೈಫಾ ಬಂದರಿಗೆ ಸ್ವಂತ ಕವಲು ಹಾಕಿದರು. 1905ರಲ್ಲಿ ಅದು ಮುಗಿಯಿತು. ಈ ಹೆಚ್ಚುವರಿ ಗುರಿ ಸರಿಯಾದದ್ದೆಂದೇ ನಾವು ಭಾವಿಸುತ್ತೇವೆ, ಏಕೆಂದರೆ ಅದು ಮೊದಲ ಗುರಿಗೇ ಹೆಗಲು ಕೊಟ್ಟಿತು.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಮನಸಾರೆ ಕೊಟ್ಟ ದಾನ ಒಟ್ಟು ವೆಚ್ಚದ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಸಾಲಿತು. ಉಳಿದದ್ದಕ್ಕೆ ನೌಕರರ ಸಂಬಳದಲ್ಲಿ ಕಡಿತ, ಸ್ಟಾಂಪು ತೆರಿಗೆ, ಕುರ್ಬಾನಿ ಚರ್ಮದ ಮಾರಾಟ ಎಲ್ಲವೂ ಬಂದವು. ಸಂಬಳ ಮುರಿದುಕೊಂಡ ಮೇಲೆ ಅದನ್ನು ಸದಕಾ ಎನ್ನುವುದು ಹೇಗೆ? 1908ರ ಸೆಪ್ಟೆಂಬರಿನಲ್ಲಿ, ಸುಮಾರು 1,300 ಕಿ.ಮೀ. ಸಾಗಿದ ಹಳಿ ಮದೀನಾದಲ್ಲಿ ಉದ್ಘಾಟನೆಗೊಂಡಿತು. ಮಕ್ಕಾಕ್ಕೆ ಅದು ತಲುಪಲೇ ಇಲ್ಲ. ಮಹಾಯುದ್ಧದಲ್ಲಿ ಇದ್ದ ಹಳಿಯೂ ಹಾಳಾಯಿತು. ಎರಡು ಪವಿತ್ರ ನಗರಗಳ ನಡುವೆ ರೈಲು ಓಡಿದ್ದು 2018ರಲ್ಲಿ, ಅದೂ ಸೌದಿ ಸರ್ಕಾರದ ಹಣದಿಂದ. ಮಕ್ಕಾದ ಹೆಸರು ಕೇಳಿ ಕೊಟ್ಟವರು ಅಷ್ಟರೊಳಗೆ ಎಂದೋ ತೀರಿಹೋಗಿದ್ದರು.

ಬೇರೆ ಬಗೆಯದು ನಮ್ಮ ವಿದ್ಯಾನಗರದಲ್ಲೇ ಕಣ್ಣೆದುರಿಗಿದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಮೊದಲಿಗೆ ಇದ್ದದ್ದು ಒಂದು ಶಾಲೆ. ಬೆಳಗಾವಿಯ ಲಿಂಗರಾಜ ಕಾಲೇಜು ಬಂದದ್ದು 1933ರಲ್ಲಿ, ಇಲ್ಲಿಯ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ. ನಾವೆಲ್ಲ ಬಿವಿಬಿ ಎಂದು ಕರೆಯುವ ಆ ಕಾಲೇಜಿನ ಹೆಸರು ದಾನಿ ಬಿ.ವಿ. ಭೂಮರಡ್ಡಿಯವರದು. ನಮ್ಮ ಮಕ್ಕಳೂ ಅಲ್ಲಿ ಓದಿ ಎಂಜಿನಿಯರ್‌ಗಳಾಗಿದ್ದಾರೆ. ಶಾಲೆ ಮೊದಲು ನಿಂತಿತು, ಆಮೇಲೆ ಕಾಲೇಜು. ಯಾರ ಹಣ ಯಾವುದಕ್ಕೆ ಎಂಬುದು ಬಾಗಿಲ ಮೇಲಿನ ಹೆಸರಿನಲ್ಲೇ ಕಾಣುತ್ತದೆ.

ಫಿಕ್ಹ್‌ನಲ್ಲಿಯೂ ದಾನಿಯ ಷರತ್ತಿಗೆ ದೊಡ್ಡ ತೂಕವಿದೆ. ಕೋಣೆಗೆಂದು ಕೊಟ್ಟದ್ದು ಕೋಣೆಯ ಅಮಾನತು. ಝಕಾತ್ ಅಂತೂ ಸೂರಾ ತೌಬಾದ 60ನೇ ಆಯತ್ ಹೇಳಿದ ಎಂಟು ವರ್ಗಗಳಿಗೆ ಸೇರಿದ್ದು. ಬಹುತೇಕ ಉಲಮಾಗಳ ಪ್ರಕಾರ ಅದನ್ನು ಕಟ್ಟಡಕ್ಕೆ ಹಾಕುವಂತಿಲ್ಲ, ಮೊದಲನೆಯ ಗುರಿಗೂ ಇಲ್ಲ, ಎರಡನೆಯದಕ್ಕೂ ಇಲ್ಲ.

ಹಾಗಾದರೆ ಇನ್ನೆರಡು ಕೋಣೆ ಬೇಡವೇ? ಬೇಕು. ಮಕ್ಕಳು ವರಾಂಡದಲ್ಲಿ ಕುಳಿತು ಓದುವುದನ್ನು ನಾವೂ ನೋಡುತ್ತಿದ್ದೇವೆ. ಮೊದಲ ಕೋಣೆಯ ಚಾವಣಿ ಬೀಳಲಿ, ಅದರ ಲೆಕ್ಕ ನೋಟಿಸ್ ಬೋರ್ಡಿಗೆ ಬರಲಿ. ಹೊಸ ಕೋಣೆಗಳಿಗೆ ಬೇರೆ ಕರೆ, ಬೇರೆ ರಸೀದಿ ಪುಸ್ತಕ. ಉಳಿದ ಹಣವಿದ್ದರೆ, ಅದನ್ನು ಮುಂದಿನ ಕೋಣೆಗೆ ಹಾಕಬಹುದೇ ಎಂದು ಕೊಟ್ಟವರನ್ನೇ ಫೋನ್ ಮಾಡಿ ಕೇಳುವುದು. ಪೆಟ್ಟಿಗೆಗೆ ಹಾಕಿದವರು ಯಾರೆಂದು ತಿಳಿಯದು, ಹಾಗಾಗಿ ಪೆಟ್ಟಿಗೆಯ ಹಣ ಮೊದಲ ಕೋಣೆಯ ಸುಣ್ಣ, ಫ್ಯಾನು, ಚಾಪೆಗೇ ಹೋಗಲಿ.