ಹಾಸಿಗೆಯ ಅಳತೆಯೂ ಮಲಗುವ ಕೋಣೆಯೂ

ಕಾಪುವಿಗೆ ಸಮೀಪದ ಎಲ್ಲೂರು, ವಿಶ್ವೇಶ್ವರ ದೇವರ ಸೀಯಾಳಾಭಿಷೇಕದಿಂದ ಹೆಸರಾದ ಗ್ರಾಮವು. ಅಲ್ಲಿಯೂ ಸುತ್ತಣ ಊರುಗಳಲ್ಲಿಯೂ ಉಳಿದಿರುವ ಹಳೆಯ ಮನೆಗಳನ್ನು ಹೊಕ್ಕು ನೋಡಿದವರಿಗೆ ಒಂದು ಸಂಗತಿಯು ಕಾಣದಿರದು. ಚಾವಡಿಯುಂಟು, ಜಗಲಿಯುಂಟು, ಅಡುಗೆಮನೆಯುಂಟು, ಭತ್ತವನ್ನಿಡಲು ಸಹ ಸ್ಥಳವುಂಟು. ಆದರೆ ಇಂಥವರು ಮಲಗತಕ್ಕ ಕೋಣೆಯಿದೆಂದು ಬೆರಳು ಮಾಡಿ ತೋರಿಸಬಹುದಾದುದು ವಿರಳ. ಹಾಗಾದರೆ ನಮ್ಮ ಹಿರಿಯರು ಎಲ್ಲಿ ಮಲಗುತ್ತಿದ್ದರು? ಕೋಣೆಗೆ ಎಷ್ಟು ದೊಡ್ಡ ಹಾಸಿಗೆ ತಕ್ಕುದೆಂದು ಇಂದು ಮನೆಮನೆಯಲ್ಲಿ ನಡೆಯುವ ಚರ್ಚೆಗೆ ಈ ಪ್ರಶ್ನೆಯ ಉತ್ತರವು ಬೆಳಕು ಕೊಡಬಲ್ಲುದು.

ಗಂಡಸರೂ ಅತಿಥಿಗಳೂ ಚಾವಡಿಯಲ್ಲಿ, ಹೆಂಗಸರೂ ಮಕ್ಕಳೂ ಒಳಗೆ ಚಾಪೆ ಹಾಸಿ ಮಲಗುವುದೇ ಸಾಮಾನ್ಯ ವಾಡಿಕೆಯಾಗಿದ್ದಿತು. ತುಳುವರು ಮುಂಡೇವು ಎಂದು ಕರೆಯುವ, ಕೇದಗೆಯ ಜಾತಿಯ ಗಿಡದ ಓಲೆಯಿಂದ ಹೆಣೆದ ಚಾಪೆಯು ಬಡವ ಬಲ್ಲಿದರಿಬ್ಬರಿಗೂ ಒದಗುತ್ತಿದ್ದಿತು. ಅನುಕೂಲಸ್ಥರ ಮನೆಗಳಲ್ಲಿ ಬೂರುಗದ ಹತ್ತಿಯ ಹಾಸಿಗೆಯೂ ಇದ್ದುದುಂಟು. ಮಳೆಗಾಲ ಮುಗಿದೊಡನೆ ಅದನ್ನು ಅಂಗಳದ ಬಿಸಿಲಿಗೆ ಹಾಕುವುದು ಮನೆವಾರ್ತೆಯ ಒಂದು ಕೆಲಸವೇ ಆಗಿದ್ದಿತು. ಗುತ್ತಿನ ಚಾವಡಿಯಲ್ಲಿ ತೂಗುವ ಮಂಚವಾದರೋ ದೈವದ್ದು. ಅದರ ಮೇಲೆ ಮನುಷ್ಯರು ಒರಗುವಂತಿಲ್ಲ.

ಬೆಳಗಾದೊಡನೆ ಚಾಪೆಯು ಸುರುಳಿಯಾಗಿ ಮೂಲೆ ಸೇರುವುದು. ರಾತ್ರಿ ಹತ್ತು ಮಂದಿ ಮಲಗಿದ ನೆಲದಲ್ಲೇ ಹಗಲು ಹತ್ತು ಎಲೆ ಬೀಳುವುದು. ಹಾಸಿಗೆಯು ಜನರನ್ನು ಹಿಂಬಾಲಿಸುತ್ತಿದ್ದಿತೇ ಹೊರತು, ಜನರು ಹಾಸಿಗೆಯ ಸುತ್ತ ಸರಿದು ನಡೆಯಬೇಕಾಗಿರಲಿಲ್ಲ.

ಈ ಪದ್ಧತಿಯನ್ನು ಬದಲಿಸಿದುದು ಐಶ್ವರ್ಯವೊಂದೇ ಅಲ್ಲ. ಮನೆಗಳು ಒಡೆದು ಹಲವಾದುದೂ ಹೌದು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕೂಡುಕುಟುಂಬದ ಕವರುಗಳಿಗೆ ಪಾಲಿನ ಹಕ್ಕನ್ನು ಕೊಟ್ಟಿತು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾಗುವಂತಾಯಿತು. ಮುಂಬಯಿಯ ಸಂಪಾದನೆಯೂ ಊರಿಗೆ ಬಂದಿತು. ದೊಡ್ಡ ಚಾವಡಿಯ ಒಂದು ಮನೆಯಿದ್ದ ಕಡೆ ಚಿಕ್ಕ ಕೋಣೆಗಳ ನಾಲ್ಕು ಮನೆಗಳೆದ್ದುವು. ಕೋಣೆಗೊಂದು ಬಾಗಿಲು, ಬಾಗಿಲೊಳಗೊಂದು ಮಂಚ, ಮಂಚಕ್ಕೊಂದು ಕದಲದ ಹಾಸಿಗೆ ಬಂದುವು.

ಹಾಸಿಗೆಯ ಒಡಲೂ ಆಗಲೇ ಬದಲಾಯಿತು. ಮಣಿಪಾಲದ ಪೈ ಮನೆತನದವರು 1962ರಲ್ಲಿ ಆರಂಭಿಸಿದ ಉದ್ಯಮವು ‘ಕರ್ಲಾನ್’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧವಾಯಿತು. 2023ರಲ್ಲಿ ಅದು ಶೀಲಾ ಫೋಮ್ ಸಂಸ್ಥೆಯ ಕೈಸೇರಿತು. ತೆಂಗಿನ ನಾರನ್ನು ಸುರುಳಿಗೊಳಿಸಿ, ರಬ್ಬರಿನ ಹಾಲನ್ನು ಸಿಂಪಡಿಸಿ, ಕಾಯಿಸಿ ಒತ್ತಿದರೆ ಪುಟಿಯುವ ಹಾಳೆಯಾಗುವುದು. ನಮ್ಮ ಹಿತ್ತಿಲಿನ ತೆಂಗಿನ ಸಿಪ್ಪೆಗೆ ಹೀಗೆ ಹೊಸ ಮಾನವು ದೊರೆಯಿತು. ಆದರೆ ಈ ಹಾಸಿಗೆಯನ್ನು ಚಾಪೆಯಂತೆ ಸುತ್ತಿ ಮೂಲೆಗಿಡಲಾಗದು. ಒಮ್ಮೆ ಕೋಣೆಯನ್ನು ಹೊಕ್ಕಿತೆಂದರೆ ಹಗಲಿರುಳೂ ಅಲ್ಲಿಯೇ ಬಿದ್ದಿರುವುದು. ಆದುದರಿಂದಲೇ ಅಳತೆಯ ವಿಚಾರವು ಮುಖ್ಯವಾಯಿತು.

ಅಂಗಡಿಗಳಲ್ಲಿ ದೊರೆಯುವ ಒಂಟಿ ಹಾಸಿಗೆಯು ಸಾಮಾನ್ಯವಾಗಿ 6 ಅಡಿ ಉದ್ದ, 3 ಅಡಿ ಅಗಲ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ 4 ಮೊಳಕ್ಕೆ 2 ಮೊಳ. ಇಬ್ಬರಿಗಾಗಿ 4 ಅಡಿ, 5 ಅಡಿ, 6 ಅಡಿ ಅಗಲದವು ಇರುವುವು. ಇವುಗಳಲ್ಲಿ ಕ್ವೀನ್ ಎಂಬುದು 5 ಅಡಿಯದು, ಕಿಂಗ್ ಎಂಬುದು 6 ಅಡಿಯದು. ಉದ್ದವು ಆರೂವರೆ ಅಡಿ. ಹತ್ತಡಿ ಚೌಕದ ಕೋಣೆಯ ನಡುವೆ ಕಿಂಗ್ ಹಾಸಿಗೆಯನ್ನಿಟ್ಟರೆ ಎರಡು ಪಕ್ಕಗಳಲ್ಲೂ ಎರಡೆರಡು ಅಡಿ, ಕಾಲ ಕಡೆಗೆ ಮೂರೂವರೆ ಅಡಿ ಮಿಗುವುದು. ಮಂಚದ ಚೌಕಟ್ಟು ಅದರಲ್ಲಿ ಕೆಲವು ಅಂಗುಲಗಳನ್ನು ನುಂಗುವುದು. ಎರಡಡಿ ಆಳದ ಕಪಾಟನ್ನು ಕಾಲ ಕಡೆಗೆ ನಿಲ್ಲಿಸಿದಿರೋ, ಅದರ ಬಾಗಿಲು ಮಂಚಕ್ಕೆ ತಾಗುವುದು. ಅದೇ ಕೋಣೆಗೆ ಕ್ವೀನ್ ಹಾಸಿಗೆಯಾದರೆ ಪಕ್ಕದಲ್ಲಿ ಎರಡೂವರೆ ಅಡಿ ದೊರೆಯುವುದು. ಒಂಬತ್ತಡಿಯ ಕೋಣೆಗಾದರೆ ಐದಡಿಗೆ ಮೀರದಿರುವುದೇ ಲೇಸು.

ನಾವೂ ಈ ತಪ್ಪನ್ನು ಮಾಡಿದವರೇ. ಒಂಬತ್ತಡಿಯ ಕೋಣೆಗೆ ಆರಡಿಯ ಹಾಸಿಗೆಯನ್ನು ತಂದು ಒಂದು ಪಕ್ಕವನ್ನು ಗೋಡೆಗೆ ಒತ್ತಿಸಿದೆವು. ಆಟಿಯ ಮಳೆಯಲ್ಲಿ ಗೋಡೆಯ ತೇವವು ಹಾಸಿಗೆಗೆ ಹತ್ತಿ ಬೂಷ್ಟು ಬೆಳೆಯಿತು. ಅದೂ ಹೋಗಲಿ, ಗೋಡೆಯ ಕಡೆಗೆ ಮಲಗುತ್ತಿದ್ದ ನಮ್ಮ ಅಮ್ಮನವರು ರಾತ್ರಿ ಏಳಬೇಕಾದಾಗಲೆಲ್ಲ ಮೊಮ್ಮಗಳನ್ನು ದಾಟಿ ಬರಬೇಕಾಗಿದ್ದಿತು. ಮಗುವಿನ ನಿದ್ದೆ ಕೆಟ್ಟೀತೆಂದು ಅವರು ಬೆಳಗಿನವರೆಗೂ ತಡೆದುಕೊಂಡಿರುತ್ತಿದ್ದರೆಂಬುದು ನಮಗೆ ಬಹಳ ದಿನಗಳ ಮೇಲೆ ತಿಳಿಯಿತು. ಚಾವಡಿಯ ಚಾಪೆಯ ಕಾಲದಲ್ಲಿ ಅವರಿಗೆ ಈ ಕಷ್ಟವಿದ್ದಿಲ್ಲ.

ಆದುದರಿಂದ ಹಾಸಿಗೆಯನ್ನು ಕೊಳ್ಳುವವರು ಮೊದಲು ಅಳೆಯತಕ್ಕುದು ಹಾಸಿಗೆಯನ್ನಲ್ಲ, ಅದರ ಸುತ್ತ ಮಿಗುವ ನೆಲವನ್ನು. ಹಳೆಯ ಪತ್ರಿಕೆಗಳನ್ನು ಹಾಸಿಗೆಯ ಅಳತೆಗೆ ನೆಲದ ಮೇಲೆ ಹರಡಿ, ಕೋಣೆಯ ಬಾಗಿಲನ್ನೂ ಕಪಾಟಿನ ಬಾಗಿಲನ್ನೂ ಪೂರ್ತಿ ತೆರೆದು, ಮನೆಯ ಅತ್ಯಂತ ಹಿರಿಯರನ್ನು ಅದರ ಸುತ್ತ ಒಮ್ಮೆ ನಡೆಯಲು ಬೇಡಿಕೊಳ್ಳಿರಿ. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದರು. ಚಾಚಿದ ಕಾಲನ್ನು ನೆಲದ ಮೇಲಿಡಲೂ ಒಂದಿಷ್ಟು ಸ್ಥಳವು ಬೇಕೆಂಬುದನ್ನು ಅವರು ಹೇಳಬೇಕಾಗಿರಲಿಲ್ಲ. ಅವರ ಮನೆಗಳಲ್ಲಿ ಅದು ಇದ್ದೇ ಇದ್ದಿತು.